ಖಡೇಬಜಾರಿನ ಚೀಲ, ಉದ್ಯಮಬಾಗದ ಹಾಳೆ: ಬೆಳಗಾವಿ ಮಳೆಗಾಲದಲ್ಲಿ ಸ್ಕೀ ಸಾಮಾನು ಕಾಪಾಡುವ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ಬೆಳಗಾವಿಯಲ್ಲಿ ಹಿಮದ ಮೇಲೆ ಜಾರುವ ಸ್ವಂತ ಸ್ಕೀ (ಕಾಲಿಗೊಂದರಂತೆ ಉದ್ದ ಪಟ್ಟಿ) ಅಥವಾ ಸ್ನೋಬೋರ್ಡ್ (ಎರಡೂ ಕಾಲಿಗೆ ಒಂದೇ ಅಗಲ ಹಲಗೆ) ಇಟ್ಟುಕೊಂಡವರು ಅದನ್ನು ಮನೆಯಲ್ಲಿಡಲು ಆನ್‌ಲೈನ್‌ನಲ್ಲಿ ಸಾವಿರಾರು ರೂಪಾಯಿ ಕೊಟ್ಟು ದಪ್ಪ ಚೀಲ ತರಿಸಬೇಕಾಗಿಲ್ಲ. ಖಡೇಬಜಾರಿನ ಪಕ್ಕದ ಗಲ್ಲಿಯಲ್ಲಿ ತಾಡಪತ್ರಿ ಹೊಲಿಯುವ ಒಂದು ಅಂಗಡಿ ಇದೆ. ಅಲ್ಲಿ ಅಳತೆ ಕೊಟ್ಟು ಹೊಲಿಸಿದ ಚೀಲ, ಅದರ ಒಳಗೆ ಉದ್ಯಮಬಾಗದ ಕಾರ್ಖಾನೆಗಳವರು ಬಳಸುವ ತುಕ್ಕು ತಡೆಯುವ ಪ್ಲಾಸ್ಟಿಕ್ ಹಾಳೆ, ಇವೆರಡೇ ಸಾಕು. ಮಳೆಗಾಲ ಪೂರ್ತಿ ದಾಟಿಸಿ, ಚೀಲ ಬಿಚ್ಚಿ, ಎಡ್ಜ್, ಅಂದರೆ ಅಂಚಿನ ಉಕ್ಕಿನ ಪಟ್ಟಿಯ ಮೇಲೆ ಬೆರಳಾಡಿಸಿ ನೋಡಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ತುಕ್ಕು ಇಲ್ಲ. ಬೂಟನ್ನು ಸ್ಕೀಗೆ ಹಿಡಿಸುವ ಬೈಂಡಿಂಗ್‌ನ ಸ್ಕ್ರೂಗಳ ತಲೆ ಕೂಡ ಹೊಸದರಂತೆಯೇ ಇವೆ. ಆದರೆ ಬೂಟಿಗೆ ಈ ಚೀಲ ಆಗುವುದಿಲ್ಲ, ಚೀಲದಲ್ಲಿ ಒಂದೆರಡು ಕೊರತೆಗಳೂ ಇವೆ. ಅದನ್ನೂ ಬರೆಯುತ್ತೇನೆ.

ಬೆಳಗಾವಿಯಲ್ಲಿ ಸ್ಕೀ ಯಾರ ಹತ್ತಿರ ಇರುತ್ತೆ ಅಂತ ಕೇಳುವವರಿಗೆ ಒಂದು ಮಾತು. ಇದು ಸೈನ್ಯದ ಊರು. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಇಲ್ಲೇ ಇದೆ, ಕ್ಯಾಂಪ್ ಕಡೆ ಹೋದರೆ ಗುಲ್ಮಾರ್ಗ್‌ನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಬಗ್ಗೆ ಕೇಳಿ ಗೊತ್ತಿರುವ ನಿವೃತ್ತ ಸೈನಿಕರು ಸಿಗುತ್ತಾರೆ. ಚಾರಣದ ಹುಚ್ಚಿರುವ ಹುಡುಗರು, ಹುಡುಗಿಯರು ಜನವರಿ ಬಂದರೆ ಮನಾಲಿಗೋ, ಔಲಿಗೋ, ಗುಲ್ಮಾರ್ಗ್‌ಗೋ ಕೋರ್ಸ್ ಮಾಡಲು ಹೋಗುತ್ತಾರೆ. ಕೊಡಗಿನ ತೆಕ್ಕಡ ಭವಾನಿ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿದ್ದಾರೆ. ಹಿಮವೇ ಬೀಳದ ರಾಜ್ಯದಿಂದ ಹೋಗಿ ಸ್ಕೀ ಮಾಡುವುದು ಈಗ ಅಂಥ ವಿಚಿತ್ರ ಏನಲ್ಲ, ಅಲ್ವಾ?

ಆದರೆ ಒಂದು ಸಲ ಕೋರ್ಸ್‌ಗೆ ಹೋಗಿ ಬರುವವರಿಗೆ ಈ ವಿಮರ್ಶೆ ಬೇಡ. ಕೋರ್ಸ್ ನಡೆಸುವ ಸಂಸ್ಥೆಯವರೇ ಸ್ಕೀ, ಬೂಟು, ಕೋಲು ಎಲ್ಲ ಕೊಡುತ್ತಾರೆ. ಪ್ರತಿ ವರ್ಷ ಹೋಗುವವರು, ಕಾಲಿಗೆ ಸರಿಯಾಗಿ ಕೂರುವ ಬೂಟು ಬೇಕೇ ಬೇಕು ಅನ್ನುವವರು, ಸ್ವಂತ ಸಾಮಾನು ಕೊಂಡಿರುತ್ತಾರಲ್ಲ, ಅವರಿಗೆ ಇದು. ನನ್ನ ಹತ್ತಿರ ಒಂದು ಜೊತೆ ಸ್ಕೀ ಇದೆ, ತಮ್ಮನ ಹತ್ತಿರ ಒಂದು ಸ್ನೋಬೋರ್ಡ್ ಇದೆ. ಎರಡೂ ತಿಳಕವಾಡಿಯ ನಮ್ಮ ಹಂಚಿನ ಮನೆಯ ಅಟ್ಟದಲ್ಲಿ ಇರುತ್ತವೆ. ಮಾರ್ಚ್‌ನಲ್ಲಿ ವಾಪಸ್ ಬಂದರೆ ಮುಂದಿನ ಜನವರಿಯವರೆಗೆ ಅವುಗಳಿಗೆ ಕೆಲಸ ಇಲ್ಲ.

ಆ ಹತ್ತು ತಿಂಗಳ ನಡುವೆ ನಮ್ಮ ಮಳೆಗಾಲ ಬರುತ್ತದೆ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಪಶ್ಚಿಮ ಘಟ್ಟದ ಅಂಚು. ಜಾಂಬೋಟಿ, ಚೋರ್ಲಾ ಕಡೆಯಿಂದ ಮೋಡ ಬಂದು ಕೂತರೆ ಜುಲೈ, ಆಗಸ್ಟ್‌ನಲ್ಲಿ ದಿನಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಜಿಟಿಜಿಟಿ ಮಳೆ ನಿಲ್ಲುವುದಿಲ್ಲ, ಗೋಡೆ ನೀರು ಕುಡಿದು ಉಬ್ಬುತ್ತದೆ, ಚಪ್ಪಲಿ, ಬೆಲ್ಟು, ಮದುವೆಯ ಕೋಟು ಎಲ್ಲದರ ಮೇಲೂ ಬೂಷ್ಟು. ಸ್ಕೀ ಬಗ್ಗೆ ಹೊರದೇಶದವರು ಕೊಡುವ ಸಲಹೆ ಏನು? ದಪ್ಪಗೆ ವ್ಯಾಕ್ಸ್ (ಮೇಣ) ಹಾಕಿ, ಒಣಗಿದ, ತಂಪಾದ ಜಾಗದಲ್ಲಿಡಿ ಅಂತ. ಅವರ ಬೇಸಿಗೆಯಲ್ಲಿ ಅದು ಸರಿ. ನಮ್ಮಲ್ಲಿ ಆಗಸ್ಟ್ ತಿಂಗಳಲ್ಲಿ ಒಣಗಿದ ಜಾಗ ಎಲ್ಲಿಂದ ತರೋಣ? ಉಕ್ಕಿನ ಮೇಲೆ ತುಕ್ಕು ಜೋರಾಗುವುದಕ್ಕೆ ನೀರೇ ಬೀಳಬೇಕು ಅಂತಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ 60 ಶೇಕಡ ದಾಟಿದರೆ ಸಾಕು, ಮೇಲ್ಮೈ ಮೇಲೆ ಕಣ್ಣಿಗೆ ಕಾಣದ ತೇವದ ಪದರ ಕೂತು ತುಕ್ಕು ಬೇಗ ಬೇಗ ಹಿಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ಗಾಳಿ ಅದಕ್ಕಿಂತ ಎಷ್ಟೋ ಮೇಲೆ ಇರುತ್ತದೆ, ರಾತ್ರಿ ಹಗಲು. ಸ್ಕೀಯ ಎರಡೂ ಬದಿಗೆ ಇರುವ ಎಡ್ಜ್ ಸಾಮಾನ್ಯವಾಗಿ ಕಾರ್ಬನ್ ಸ್ಟೀಲು, ಅಡುಗೆಮನೆಯ ಸ್ಟೇನ್‌ಲೆಸ್ ಅಲ್ಲ. ಮೇಲುಮೇಲಿನ ತುಕ್ಕನ್ನು ಉಜ್ಜಿ ತೆಗೆಯಬಹುದು. ಒಳಗೆ ತಿಂದು ಗುಳಿ ಬಿದ್ದರೆ ಫೈಲ್ ಹಾಕಿ ಸವೆಸಬೇಕು. ಎಡ್ಜ್ ಇರುವುದೇ ಒಂದೆರಡು ಮಿಲಿಮೀಟರ್, ಅದನ್ನು ಹೀಗೆ ಸವೆಸುತ್ತಾ ಹೋದರೆ ಸ್ಕೀಯ ಆಯಸ್ಸೇ ಕಡಿಮೆ ಆಯಿತು.

ಈಗ ಅಂಗಡಿಗೆ ಬರೋಣ. ಅಂಗಡಿಗೆ ಬೋರ್ಡೇ ಇಲ್ಲ, ಅದಕ್ಕೇ ಹೆಸರು ಹೇಳಲು ಆಗುತ್ತಿಲ್ಲ. ಟ್ರ್ಯಾಕ್ಟರ್ ಹೊದಿಕೆ, ಲಾರಿ ತಾಡಪತ್ರಿ, ತಬಲಾ ಚೀಲ, ಹಾರ್ಮೋನಿಯಂ ಚೀಲ, ಮಳೆಗಾಲದಲ್ಲಿ ಮನೆ ಮುಂದೆ ಕಟ್ಟುವ ಹಾಳೆ, ಇಂಥದ್ದನ್ನೆಲ್ಲ ಹೊಲಿಯುತ್ತಾರೆ. ಮುಂದೆ ರಾಶಿ ಬಟ್ಟೆ, ಹಿಂದೆ ದೊಡ್ಡ ಹೊಲಿಗೆ ಯಂತ್ರ, ಮಧ್ಯದಲ್ಲಿ ಒಬ್ಬ ಹಿರಿಯರು. ಮರಾಠಿ ಬೆರೆತ ಕನ್ನಡ. ನಾನು ಸ್ಕೀ ಹೆಗಲ ಮೇಲೆ ಹೊತ್ತುಕೊಂಡೇ ಹೋಗಿದ್ದೆ. ಒಳ್ಳೆಯದೇ ಆಯಿತು, ಬಾಯಲ್ಲಿ ಹೇಳಿದ್ದರೆ ಅರ್ಥ ಆಗುತ್ತಿರಲಿಲ್ಲ. ಅವರು ಎಡ್ಜ್ ಮೇಲೆ ಬೆರಳಿಟ್ಟು, "ಇದು ಚಾಕು ಇದ್ದಂಗ ಐತಲ್ರೀ, ಒಳಗ ಇನ್ನೊಂದು ಪದರ ಕೊಡಬೇಕು, ಇಲ್ಲಾಂದ್ರ ಹೊಲಿಗಿ ಕೊಯ್ತೈತಿ" ಅಂದರು. ನಾನು ಕೇಳುವ ಮೊದಲೇ ಅವರಿಗೆ ಹೊಳೆದ ಮಾತು ಇದು. ಆನ್‌ಲೈನ್ ಚೀಲ ಮಾರುವವರಲ್ಲಿ ಯಾರಿಗೆ ಇಂಥ ಪ್ರಶ್ನೆ ಕೇಳುವುದು ಹೇಳಿ?

ಬಟ್ಟೆ ಆರಿಸುವಾಗ ಸ್ವಲ್ಪ ಮಾತುಕತೆ ಆಯಿತು. ಹತ್ತಿಯ ದಪ್ಪ ಕ್ಯಾನ್ವಾಸ್ ನೋಡಲು ಚಂದ, ಗಾಳಿಯೂ ಆಡುತ್ತದೆ. ಆದರೆ ನಮ್ಮ ಮಳೆಗಾಲದಲ್ಲಿ ಹತ್ತಿ ತೇವ ಹೀರಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಅದಕ್ಕೆ ಪಿವಿಸಿ ಲೇಪನ ಇರುವ ಪಾಲಿಯೆಸ್ಟರ್ ತಾಡಪತ್ರಿಯನ್ನೇ ಹಿಡಿದೆವು. ಉದ್ದ ಸ್ಕೀಗಿಂತ ಒಂದು ಗೇಣು ಜಾಸ್ತಿ. ಒಳಗೆ ಎರಡೂ ತುದಿಗೆ ಮತ್ತು ಎಡ್ಜ್ ತಾಗುವ ಕಡೆ ಎರಡನೇ ಪದರ. ಝಿಪ್ ಪ್ಲಾಸ್ಟಿಕ್ಕಿನದೇ ಬೇಕು ಅಂತ ಹಟ ಹಿಡಿದೆ, ಏಕೆಂದರೆ ಲೋಹದ ಝಿಪ್ ಮೊದಲು ತಾನೇ ತುಕ್ಕು ಹಿಡಿದು ಕೂರುತ್ತದೆ. ಬದಿಗೆ ಒಂದು ಹಿಡಿಕೆ, ಹೆಗಲಿಗೆ ಒಂದು ಪಟ್ಟಿ. ಸ್ನೋಬೋರ್ಡ್‌ಗೆ ಇದೇ ರೀತಿ, ಅಗಲ ಮಾತ್ರ ಜಾಸ್ತಿ. ಬಟ್ಟೆ, ಹೊಲಿಗೆ ಎಲ್ಲ ಸೇರಿ ಎರಡು ಚೀಲಕ್ಕೆ ಕೊಟ್ಟದ್ದು ಬ್ರ್ಯಾಂಡಿನ ಒಂದು ಚೀಲದ ಅರ್ಧ ಬೆಲೆಯೂ ಆಗಲಿಲ್ಲ. ಹೊಲಿಗೆ ಗಟ್ಟಿ. ಲಾರಿ ತಾಡಪತ್ರಿಗೆ ಹಾಕುವ ಅದೇ ದಪ್ಪ ನೈಲಾನ್ ದಾರ, ಎರಡು ಸಾಲು.

ಕೊರತೆಗಳು ಇವು. ಹಿಡಿಕೆ ಹೊಲಿದ ಜಾಗದಲ್ಲಿ ದಾರ ಬೇಗನೆ ಸಡಿಲ ಆಯಿತು. ತಿರುಗಿ ಒಯ್ದೆ, ಚೌಕ ಹೊಲಿದು ಅದರೊಳಗೆ ಅಡ್ಡಡ್ಡ ಗೀರು ಹೊಲಿಗೆ ಹಾಕಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಹೊಲಿಸುವಾಗಲೇ ಹಾಗೆ ಮಾಡಿ ಅಂತ ಹೇಳಿ. ಎರಡನೆಯದು ವಾಸನೆ. ಹೊಸ ಪಿವಿಸಿ ಗಬ್ಬು ಅನ್ನುವಷ್ಟು ವಾಸನೆ ಹೊಡೆಯುತ್ತದೆ, ಬಿಚ್ಚಿ ನೆರಳಲ್ಲಿ ತೂಗುಹಾಕಬೇಕು. ಮೂರನೆಯದು, ಹೇಳಿದ ದಿನಕ್ಕೆ ಕೊಡುವುದಿಲ್ಲ. ನಾಲ್ಕನೆಯದೇ ದೊಡ್ಡದು. ಇದರಲ್ಲಿ ಮೆತ್ತನೆ ಪ್ಯಾಡಿಂಗ್ ಇಲ್ಲ, ಹಾಗಾಗಿ ವಿಮಾನದ ಲಗೇಜಿಗೆ ಹಾಕಲು ನನಗೆ ಧೈರ್ಯ ಇಲ್ಲ. ಗೋವಾ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಯ ನಿಜಾಮುದ್ದೀನ್‌ವರೆಗೆ ಬರ್ತ್ ಕೆಳಗೆ ಇಟ್ಟುಕೊಂಡು ಹೋಗಲು ಅಡ್ಡಿಯಿಲ್ಲ, ನಮ್ಮ ಕಣ್ಣೆದುರೇ ಇರುತ್ತದೆ. ಇದು ಮನೆಯಲ್ಲಿ ಇಡುವ ಚೀಲ. ಹಾಗೆ ತಿಳಿದುಕೊಂಡೇ ಹೊಲಿಸಬೇಕು.

ಇನ್ನು ಹಾಳೆ. ನನ್ನ ಮಟ್ಟಿಗೆ ಈ ಇಡೀ ವ್ಯವಸ್ಥೆಯ ಜೀವಾಳ ಇದೇ. ಮೂರನೇ ರೈಲ್ವೆ ಗೇಟ್ ದಾಟಿದರೆ ಉದ್ಯಮಬಾಗ. ಅಲ್ಲಿ ಎರಕ ಹೊಯ್ಯುವ ಫೌಂಡ್ರಿಗಳು, ಲೇತ್, ಸಿಎನ್‌ಸಿ ಕೆಲಸದ ಚಿಕ್ಕ ದೊಡ್ಡ ಕಾರ್ಖಾನೆಗಳು ಎಷ್ಟೋ ಇವೆ. ಮೆಶಿನ್ ಮಾಡಿ ನುಣುಪಾದ ಉಕ್ಕಿನ ಭಾಗಗಳನ್ನು ಇದೇ ಮಳೆಗಾಲದಲ್ಲಿ ಪ್ಯಾಕ್ ಮಾಡಿ ದೂರದ ಊರಿಗೆ, ಹಡಗಿನಲ್ಲಿ ಹೊರದೇಶಕ್ಕೆ ಕಳಿಸುತ್ತಾರೆ. ಅವು ತುಕ್ಕು ಹಿಡಿಯದೆ ಮುಟ್ಟಬೇಕು, ಇಲ್ಲದಿದ್ದರೆ ಮಾಲು ವಾಪಸ್. ಅವರು ಬಳಸುವುದು ವಿಸಿಐ (ವೊಲಟೈಲ್ ಕೊರೋಶನ್ ಇನ್ಹಿಬಿಟರ್, ಅಂದರೆ ಆವಿಯಾಗಿ ತುಕ್ಕು ತಡೆಯುವ ರಾಸಾಯನಿಕ) ಬೆರೆಸಿದ ಕಾಗದ ಮತ್ತು ಪ್ಲಾಸ್ಟಿಕ್ ಹಾಳೆ. ಬೆಳಗಾವಿಯ ಮಳೆಗಾಲ ಮತ್ತು ಬರಿಯ ಉಕ್ಕು, ಈ ಎರಡರ ಜಗಳವನ್ನು ನಮ್ಮೂರಿನ ಕಾರ್ಮಿಕರಷ್ಟು ತಿಳಿದವರು ಬೇರೆ ಯಾರಿದ್ದಾರೆ? ಸ್ಕೀ ಎಡ್ಜ್ ಕೂಡ ಬರಿಯ ಉಕ್ಕೇ ತಾನೇ. ಅಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಈ ದಾರಿ ತೋರಿಸಿದ.

ವಿಸಿಐ ಕೆಲಸ ಮಾಡುವುದು ಹೀಗೆ. ಹಾಳೆಯೊಳಗೆ ಬೆರೆಸಿದ ರಾಸಾಯನಿಕ ಮೆಲ್ಲಗೆ ಆವಿಯಾಗಿ ಹೊರಬರುತ್ತದೆ, ಡಬ್ಬಿಯಲ್ಲಿಟ್ಟ ಕರ್ಪೂರ ತಾನಾಗಿ ಗಾಳಿಗೆ ಸೇರುವ ಹಾಗೆ. ಆ ಆವಿ ಮುಚ್ಚಿದ ಜಾಗದಲ್ಲಿ ತುಂಬಿಕೊಂಡು ಲೋಹದ ಮೇಲೆ ಹೋಗಿ ಕೂರುತ್ತದೆ. ಕಣ್ಣಿಗೆ ಕಾಣದ ತೆಳು ಪದರ ಆಗುತ್ತದೆ. ತೇವ, ಆಮ್ಲಜನಕ ಸೇರಿ ತುಕ್ಕಿನ ಕ್ರಿಯೆ ನಡೆಸಲು ಆ ಪದರ ಬಿಡುವುದಿಲ್ಲ. ಹಾಳೆ ಮುಟ್ಟದ ಸಂದಿಗೂ ಆವಿ ಹೋಗುತ್ತದೆ ಅನ್ನುವುದೇ ಇದರ ದೊಡ್ಡ ಗುಣ. ಎಡ್ಜ್‌ಗೆ ಬೇಕಾದರೆ ನಾವು ವ್ಯಾಕ್ಸ್ ಬಳಿಯಬಹುದು, ಬೈಂಡಿಂಗ್ ಒಳಗಿನ ಸ್ಪ್ರಿಂಗು, ಬ್ರೇಕಿನ ತಂತಿ, ಸ್ಕ್ರೂ ತಲೆ ಇವುಗಳಿಗೆ ಯಾರು ಬಳಿಯುತ್ತಾರೆ? ಅಲ್ಲಿಗೆ ಆವಿಯೇ ಹೋಗಬೇಕು. ಬಿಚ್ಚಿದ ಮೇಲೆ ಎಣ್ಣೆ ಒರೆಸುವ ಕೆಲಸವೂ ಇಲ್ಲ, ಪದರ ತಾನೇ ಗಾಳಿಗೆ ಹಾರಿಹೋಗುತ್ತದೆ.

ಆದರೆ ಇದಕ್ಕೆ ಕೆಲವು ಷರತ್ತು ಇವೆ. ಮುಚ್ಚಿದ್ದರೆ ಮಾತ್ರ ಕೆಲಸ. ಸುಮ್ನೆ ಸುತ್ತಿ ತುದಿ ತೆರೆದು ಬಿಟ್ಟರೆ ಆವಿ ಹೊರಗೆ ಹೋಗುತ್ತದೆ, ಹಾಳೆ ಬರೀ ಪ್ಲಾಸ್ಟಿಕ್ ಆಗಿಬಿಡುತ್ತದೆ. ನಾನು ಹಾಳೆಯನ್ನು ಕೊಳವೆಯ ಹಾಗೆ ಮಾಡಿ, ಎರಡೂ ತುದಿ ಮಡಚಿ, ಅಗಲದ ಟೇಪ್ ಹಾಕುತ್ತೇನೆ. ನಿರ್ವಾತ ಮಾಡಬೇಕಾಗಿಲ್ಲ. ಹಾಳೆ ಕೊಳ್ಳುವಾಗ ಉಕ್ಕಿಗೆ ಅಂತ ಕೇಳಿ ತೆಗೆದುಕೊಳ್ಳಿ, ಬೇರೆ ಬೇರೆ ಲೋಹಕ್ಕೆ ಬೇರೆ ಬೇರೆ ಬಗೆ ಬರುತ್ತದೆ. ಬಹಳ ದಿನ ಬಿಚ್ಚಿಟ್ಟಿದ್ದ ಸುರುಳಿಯ ಮೇಲಿನ ಸುತ್ತು ಬೇಡ. ತಯಾರಕರು ಸಾಮಾನ್ಯವಾಗಿ ಮುಚ್ಚಿದ ಪ್ಯಾಕಿಗೆ ಒಂದೆರಡು ವರ್ಷದ ಮಾತು ಹೇಳುತ್ತಾರೆ, ನಮಗೆ ಬೇಕಾದದ್ದು ಒಂದು ಮಳೆಗಾಲ, ಹಾಗಾಗಿ ಪ್ರತಿ ವರ್ಷ ಹೊಸದು ಹಾಕಿಬಿಡುವುದು ಒಳ್ಳೆಯದು. ಖರ್ಚು ಅಷ್ಟು ಕಡಿಮೆ. ಸಿಗುವುದು ಮಾತ್ರ ಸ್ವಲ್ಪ ಕಷ್ಟ, ಇದು ಕಿರಾಣಿ ಸಾಮಾನಲ್ಲ. ಉದ್ಯಮಬಾಗದಲ್ಲಿ ಪ್ಯಾಕಿಂಗ್ ಸಾಮಾನು ಮಾರುವವರ ಹತ್ತಿರ ಕೇಳಬೇಕು, ಇಡೀ ರೋಲ್ ತಗೊಳ್ಳಿ ಅಂತಾರೆ, ಕೆಲವರು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಮತ್ತೆ, ತುಕ್ಕು ಆಗಲೇ ಹಿಡಿದಿದ್ದರೆ ಇದು ಅದನ್ನು ತೆಗೆಯುವುದಿಲ್ಲ. ಬೆವರಿನ ಕೈಯಲ್ಲಿ ಎಡ್ಜ್ ಮುಟ್ಟಿ ಹಾಗೇ ಪ್ಯಾಕ್ ಮಾಡಿದರೆ ಬೆರಳ ಗುರುತಿನ ಉಪ್ಪಿನಿಂದಲೇ ತುಕ್ಕು ಶುರುವಾಗಬಹುದು. ಕಾರ್ಖಾನೆಯಲ್ಲಿ ಕೈಗವಸು ಹಾಕಿ ಪ್ಯಾಕ್ ಮಾಡುವುದು ಇದಕ್ಕೇ.

ಯಾವಾಗ ಪ್ಯಾಕ್ ಮಾಡುತ್ತೇವೆ ಅನ್ನುವುದು ಹಾಳೆಯಷ್ಟೇ ಮುಖ್ಯ. ಏಪ್ರಿಲ್‌ನ ಮಧ್ಯಾಹ್ನ, ಬಿಸಿಲು ಚುರುಕಾಗಿರುವಾಗ, ಗಾಳಿ ಒಣಗಿರುತ್ತದೆ. ಆಗ ಮುಚ್ಚಿದರೆ ಏಪ್ರಿಲ್‌ನ ಒಣ ಗಾಳಿಯೇ ಒಳಗೆ ಉಳಿಯುತ್ತದೆ. ಪ್ಲಾಸ್ಟಿಕ್ ಮೂಲಕ ತೇವ ಒಳಗೆ ಬರುವುದು ಬಹಳ ನಿಧಾನ. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಗಡಿಬಿಡಿಯಲ್ಲಿ ಮುಚ್ಚಿದರೆ ಆ ತೇವವನ್ನೇ ಸೇರಿಸಿ ಮುಚ್ಚಿದ ಹಾಗೆ ಆಯಿತು. ಮಳೆಗಾಲಕ್ಕೆ ಮುಂಚಿನ ವಳಿವಿನ ಮಳೆ ಬಂದ ಸಂಜೆಯೂ ಬೇಡ, ಎರಡು ದಿನ ಬಿಟ್ಟು ಮಾಡಿ.

ಮುಚ್ಚುವ ಮೊದಲು ವ್ಯಾಕ್ಸ್. ಇದನ್ನು ಬಿಡಲೇಬಾರದು. ಸ್ಕೀಯ ಕೆಳಭಾಗ, ಅಂದರೆ ಬೇಸ್, ಪಾಲಿಎಥಿಲೀನ್‌ನದು. ಅದರಲ್ಲೂ ಸಿಂಟರ್ಡ್ (ಪುಡಿಯನ್ನು ಬಿಸಿ, ಒತ್ತಡದಲ್ಲಿ ಕೂಡಿಸಿ ಮಾಡಿದ) ಬೇಸ್ ಇದ್ದರೆ ಅದು ವ್ಯಾಕ್ಸ್ ಜಾಸ್ತಿ ಹೀರುತ್ತದೆ. ವ್ಯಾಕ್ಸ್ ಇಲ್ಲದೆ ಹತ್ತು ತಿಂಗಳು ಒಣಗಲು ಬಿಟ್ಟರೆ ಬೆಳ್ಳಗೆ ಮಂಕಾಗಿ, ಮುಂದಿನ ಸಲ ಹಿಮದ ಮೇಲೆ ಸರಿಯಾಗಿ ಜಾರುವುದಿಲ್ಲ. ಮೊದಲು ಕೊಳೆ ತೆಗೆಯಿರಿ, ಒಣಗಿಸಿ, ಎಡ್ಜ್ ಮೇಲಿನ ಚಿಕ್ಕ ಮುಳ್ಳುಗಳನ್ನು ಸಾಣೆಕಲ್ಲಿನಿಂದ ತೆಗೆಯಿರಿ. ಆಮೇಲೆ ಸಾಧಾರಣ ಹೈಡ್ರೋಕಾರ್ಬನ್ ವ್ಯಾಕ್ಸ್ ಇಸ್ತ್ರಿಯಿಂದ ಕರಗಿಸಿ ಹನಿಸಿ, ದಪ್ಪಗೆ ಹರಡಿ, ಎಡ್ಜ್ ಮೇಲೂ ಇಳಿಯುವ ಹಾಗೆ. ಮತ್ತೆ ಕೆರೆಯಬೇಡಿ, ಹಾಗೇ ಬಿಡಿ. ಕೆರೆಯುವುದು ಹಿಮಕ್ಕೆ ಹೋಗುವ ಮುಂಚೆ. ಫ್ಲೋರಿನ್ ಬೆರೆತ ದುಬಾರಿ ಫ್ಲೋರೋ ವ್ಯಾಕ್ಸ್ ಇದಕ್ಕೆ ಬೇಡವೇ ಬೇಡ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023-24ರ ಋತುವಿನಿಂದ ಅದನ್ನು ತನ್ನ ಸ್ಪರ್ಧೆಗಳಲ್ಲಿ ಪೂರ್ತಿ ನಿಷೇಧಿಸಿದೆ, ಮಣ್ಣು ನೀರಿನಲ್ಲಿ ಕರಗಿ ಹೋಗದ ರಾಸಾಯನಿಕ ಅದು. ಇಸ್ತ್ರಿಗೆ ಸ್ಟೀಮ್ ತೂತು ಇಲ್ಲದ ಹಳೆಯ ಪೆಟ್ಟಿಗೆ ಸಾಕು. ವ್ಯಾಕ್ಸ್ ಹೊಗೆ ಬಂದರೆ ಬಿಸಿ ಜಾಸ್ತಿ ಆಯಿತು ಅಂತ ತಿಳಿಯಿರಿ. ಒಂದೇ ಜಾಗದಲ್ಲಿ ನಿಲ್ಲಿಸದೆ ಸರಿಸುತ್ತಲೇ ಇರಬೇಕು, ಇಲ್ಲದಿದ್ದರೆ ಬೇಸ್ ಸುಡುತ್ತದೆ. ಆ ಇಸ್ತ್ರಿಯನ್ನು ಮತ್ತೆ ಬಟ್ಟೆಗೆ ತರಬೇಡಿ.

ವ್ಯಾಕ್ಸ್ ಬದಲು ಕೊಬ್ಬರಿ ಎಣ್ಣೆಯೋ ಮೆಶಿನ್ ಎಣ್ಣೆಯೋ ಬಳಿದರೆ ಆಗದೇ ಅಂತ ಕೇಳುತ್ತಾರೆ. ನನ್ನ ಉತ್ತರ ಬೇಡ ಅಂತ. ಎಣ್ಣೆ ಹರಿದು ಬೇಸ್‌ಗೆ ಸೇರಿದರೆ ಮುಂದೆ ವ್ಯಾಕ್ಸ್ ಹಿಡಿಯುವುದಿಲ್ಲ, ಮೇಲಾಗಿ ಅಟ್ಟದ ಧೂಳೆಲ್ಲ ಅಂಟಿಕೊಳ್ಳುತ್ತದೆ.

ಸ್ನೋಬೋರ್ಡ್ ಇದ್ದವರು ಬೈಂಡಿಂಗ್ ಬಿಚ್ಚಿಡಿ, ಕನಿಷ್ಠ ಸ್ಕ್ರೂ ಸಡಿಲ ಮಾಡಿ. ಬಿಗಿ ಸ್ಕ್ರೂ ಎಳೆದು ಬೇಸ್‌ನಲ್ಲಿ ಚಿಕ್ಕ ಗುಳಿ ಮೂಡಬಹುದು. ಬಿಚ್ಚಿದ ಸ್ಕ್ರೂಗಳನ್ನು ಒಂದು ಪುಟ್ಟ ವಿಸಿಐ ಪೊಟ್ಟಣದಲ್ಲಿ ಕಟ್ಟಿ ಅದೇ ಚೀಲಕ್ಕೆ ಹಾಕಿ. ಸ್ಕೀಗಳನ್ನು ನಡುವೆ ಬಿಗಿದು ಕಟ್ಟಬೇಡಿ, ಅವುಗಳ ಬಾಗು ಹಾಗೇ ಉಳಿಯಬೇಕು. ಚೀಲವನ್ನು ಸಿಮೆಂಟ್ ನೆಲದ ಮೇಲೆ, ಹೊರಗೋಡೆಗೆ ಒರಗಿಸಿ ಇಡಬಾರದು. ನಾವು ಅಟ್ಟದಲ್ಲಿ ಒಳಗೋಡೆ ಪಕ್ಕ ಎರಡು ಮರದ ಪಟ್ಟಿ ಇಟ್ಟು ಅದರ ಮೇಲೆ ಅಡ್ಡ ಮಲಗಿಸಿದ್ದೇವೆ, ಮೇಲೆ ಬೇರೆ ಭಾರ ಹೇರುವುದಿಲ್ಲ.

ತೇವ ಹೀರುವ ಸಾಮಾನುಗಳ ಬಗ್ಗೆ ಎಚ್ಚರ ಹೇಳಲೇಬೇಕು. ಅಂಗಡಿಯಲ್ಲಿ ಕಪಾಟಿಗೆ ಇಡುವ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಬಿಳಿ ಹರಳು ಇರುತ್ತೆ, ಸ್ವಲ್ಪ ದಿನಕ್ಕೆ ಡಬ್ಬಿಯಲ್ಲಿ ನೀರು ತುಂಬುತ್ತದೆ. ಅದು ಹೆಚ್ಚಾಗಿ ಕ್ಯಾಲ್ಸಿಯಂ ಕ್ಲೋರೈಡ್. ಬೀರುವಿಗೆ ಸರಿ, ಸ್ಕೀ ಚೀಲದೊಳಗೆ ಮಾತ್ರ ಬೇಡ. ಆ ಉಪ್ಪುನೀರು ಚೆಲ್ಲಿದರೆ ಮಳೆಗಾಲದ ಗಾಳಿಗಿಂತ ಕೆಟ್ಟದಾಗಿ ಉಕ್ಕನ್ನು ತಿನ್ನುತ್ತದೆ. ಬೇಕಿದ್ದರೆ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಿಸುವ ಬಗೆಯದು ಒಳ್ಳೆಯದು, ನೀಲಿ ಹರಳು ಗುಲಾಬಿ ಆದರೆ ತೇವ ತುಂಬಿದೆ ಅಂತ ಅರ್ಥ. ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಣಗಿಸಿದರೆ ಮತ್ತೆ ನೀಲಿ. ನೀಲಿ ಬಣ್ಣಕ್ಕೆ ಕೋಬಾಲ್ಟ್ ಕ್ಲೋರೈಡ್ ಬಳಸುತ್ತಾರೆ, ವಿಷ, ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಕಿತ್ತಳೆಯಿಂದ ಹಸಿರಾಗುವ ಬಗೆಯಲ್ಲಿ ಅದು ಇರುವುದಿಲ್ಲ.

ಇನ್ನು ಡಾಂಬರು ಗುಳಿಗೆ. ನಮ್ಮ ಮನೆಗಳಲ್ಲಿ ಇಳಕಲ್ ಸೀರೆಯ ಟ್ರಂಕಿನಿಂದ ಹಿಡಿದು ಎಲ್ಲ ಕಡೆ ಹಾಕುತ್ತಾರೆ. ಹೆಲ್ಮೆಟ್ ಇರುವ ಜಾಗಕ್ಕೆ ಅದು ಬರಬಾರದು. ಸ್ಕೀ ಹೆಲ್ಮೆಟ್‌ನ ಒಳಗೆ ತಲೆ ಕಾಯುವುದು ಪಾಲಿಸ್ಟೈರೀನ್ ನೊರೆಯ ಗಟ್ಟಿ ಪದರ, ನ್ಯಾಫ್ತಲೀನ್ ಆವಿ ಪಾಲಿಸ್ಟೈರೀನನ್ನು ಮೆತ್ತಗೆ ಮಾಡುತ್ತದೆ. ಹೊರಗಿನಿಂದ ಏನೂ ಗೊತ್ತಾಗದೇ ಇರಬಹುದು, ಬಿದ್ದಾಗ ಗೊತ್ತಾಗುತ್ತದೆ. ಹೆಲ್ಮೆಟ್ಟನ್ನು ಹೊಸ ಪಿವಿಸಿ ಚೀಲದ ಒಳಗೂ ಹಾಕಬೇಡಿ, ಅದರದ್ದೇ ಬಟ್ಟೆ ಚೀಲದಲ್ಲಿ ಬೇರೆ ಇಡಿ. ಗಾಗಲ್ಸ್ ಕೂಡ ಹಾಗೇ. ಹಿಮಕುಸಿತದಲ್ಲಿ ಹೂತುಹೋದವರನ್ನು ಹುಡುಕಲು ಸಂಕೇತ ಕಳಿಸುವ ಬೀಕನ್ ಇದ್ದರೆ ಬ್ಯಾಟರಿ ತೆಗೆದಿಡಿ, ಸೋರಿದರೆ ಜೀವ ಉಳಿಸುವ ಯಂತ್ರವೇ ಹೋಯಿತು.

ಬೂಟಿನ ವಿಷಯದಲ್ಲಿ ಈ ಚೀಲವೂ ಹಾಳೆಯೂ ಎರಡೂ ಫೇಲು. ಮೊದಲ ಕಾರಣ, ಬೂಟಿನೊಳಗಿನ ಮೆತ್ತನೆ ಪದರ, ಅಂದರೆ ಲೈನರ್‌ನಲ್ಲಿ ಬೆವರಿನ ತೇವ ಯಾವಾಗಲೂ ಸ್ವಲ್ಪ ಉಳಿದೇ ಇರುತ್ತದೆ, ಮುಚ್ಚಿದರೆ ಒಳಗೇ ಬೂಷ್ಟು. ಎರಡನೆಯದು ಪಾಲಿಯುರೆಥೇನ್. ನಮ್ಮ ಚಾರಣದ ಗೆಳೆಯರು ಇದನ್ನು ನೋಡಿಯೇ ಇರುತ್ತಾರೆ, ಮಳೆಗಾಲದಲ್ಲಿ ಕಪಾಟಿನಲ್ಲಿ ಇಟ್ಟ ಒಳ್ಳೆಯ ಟ್ರೆಕ್ಕಿಂಗ್ ಬೂಟು, ಹಾಕಿ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅಟ್ಟೆ ಪುಡಿಪುಡಿ. ಗಾಳಿಯ ತೇವವೇ ಪಾಲಿಯುರೆಥೇನಿನ ಕೊಂಡಿಗಳನ್ನು ಒಡೆಯುತ್ತದೆ, ಅದನ್ನು ಹೈಡ್ರಾಲಿಸಿಸ್ ಅಂತಾರೆ. ಬಿಸಿ ಮತ್ತು ತೇವ ಎರಡೂ ಸೇರಿದರೆ ಇನ್ನೂ ಬೇಗ. ಸ್ಕೀ ಬೂಟಿನ ಗಟ್ಟಿ ಕವಚವನ್ನೂ ಬಹಳ ಸಲ ಪಾಲಿಯುರೆಥೇನಿನಿಂದ ಮಾಡುತ್ತಾರೆ. ಅಗ್ಗದ ಜಾಕೆಟ್ಟಿನ ಒಳ ಲೇಪನ ಅಂಟಂಟಾಗಿ ಸಿಪ್ಪೆ ಏಳುವುದೂ ಇದರಿಂದಲೇ.

ಅದಕ್ಕೆ ಬೂಟಿಗೆ ಗಾಳಿ ಬೇಕು. ಲೈನರ್ ಹೊರತೆಗೆದು ನೆರಳಿನಲ್ಲಿ ಪೂರ್ತಿ ಒಣಗಿಸಿ, ಮತ್ತೆ ಹಾಕಿ, ಬಕಲ್‌ಗಳನ್ನು ಸಡಿಲವಾಗಿ ಸಿಕ್ಕಿಸಿ ಇಡಿ. ಪೂರ್ತಿ ತೆರೆದಿಟ್ಟರೆ ಕವಚ ಆಕಾರ ಕಳೆದುಕೊಳ್ಳುತ್ತದೆ, ಮುಂದಿನ ವರ್ಷ ಕಾಲು ಕೂರಿಸುವುದೇ ಕಷ್ಟ. ನಮ್ಮ ಮನೆಯಲ್ಲಿ ಬೂಟುಗಳು ಹಜಾರದ ಕಪಾಟಿನ ಮೇಲಿನ ಸಾಲಿನಲ್ಲಿ, ಹತ್ತಿಯ ತೆಳು ಚೀಲದಲ್ಲಿ, ಒಳಗೊಂದು ಸಿಲಿಕಾ ಪೊಟ್ಟಣದ ಜೊತೆ ಇವೆ. ಮಳೆಗಾಲದಲ್ಲಿ ಬಿಸಿಲು ಕಂಡ ದಿನ ಚೀಲ ತೆಗೆದು ಫ್ಯಾನಿನ ಕೆಳಗೆ ಇಡುತ್ತೇವೆ. ಅಷ್ಟು ಕೆಲಸ ಇದ್ದೇ ಇದೆ, ಅದಕ್ಕೆ ಬೇರೆ ಸುಲಭದ ದಾರಿ ನನಗೆ ಕಂಡಿಲ್ಲ.

ಸಾಮಾನನ್ನು ಗುಲ್ಮಾರ್ಗ್ ಅಥವಾ ಮನಾಲಿಯಲ್ಲೇ ಪರಿಚಯದ ಅಂಗಡಿಯಲ್ಲಿ ಬಿಟ್ಟು ಬರುವವರೂ ಇದ್ದಾರೆ. ಹೊತ್ತು ತಿರುಗುವ ಕಷ್ಟ ತಪ್ಪುತ್ತದೆ, ಗುಲ್ಮಾರ್ಗ್‌ನಲ್ಲಿ ನಮ್ಮಷ್ಟು ತೇವದ ಕಾಟವೂ ಇಲ್ಲ. ಆದರೆ ನನ್ನ ಜೊತೆಗಾರನ ಬೋರ್ಡ್ ಅಂಥ ಒಂದು ಕಡೆ ಇಟ್ಟಿದ್ದು, ಬಂದು ನೋಡಿದರೆ ಬೇಸ್ ತುಂಬ ಹೊಸ ಗೀರು, ಯಾರೋ ಬಾಡಿಗೆಗೆ ಬಳಸಿದ ಹಾಗೆ ಕಾಣುತ್ತಿತ್ತು. ಕೇಳಿದರೆ ಸರಿಯಾದ ಉತ್ತರ ಇಲ್ಲ. ಎಲ್ಲರೂ ಹಾಗೆ ಅಂತ ನಾನು ಹೇಳುವುದಿಲ್ಲ. ಆದರೂ ಬೈಂಡಿಂಗ್ ನನ್ನ ತೂಕಕ್ಕೆ, ನನ್ನ ಬೂಟಿಗೆ ಹೊಂದಿಸಿದ್ದು, ಬೇರೆಯವರು ಅದನ್ನು ತಿರುಗಿಸಿದರೆ ಬಿದ್ದಾಗ ಮುರಿಯುವುದು ನನ್ನ ಮೊಣಕಾಲು. ನನಗೆ ಮನೆಯ ಅಟ್ಟವೇ ಸರಿ.

ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಲೆಕ್ಕ ಬೇರೆ. ಅಲ್ಲಿ ಮಳೆ ಕಡಿಮೆ, ತುಕ್ಕಿನ ಕಾಟವೂ ಕಡಿಮೆ, ಆದರೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನಲ್ಲೋ, ಮಾಳಿಗೆ ಮೇಲಿನ ಕೋಣೆಯಲ್ಲೋ ಇಟ್ಟರೆ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ. ಸ್ಕೀ ಅಂದರೆ ಮರ, ಫೈಬರ್, ಪ್ಲಾಸ್ಟಿಕ್, ಉಕ್ಕು ಎಲ್ಲವನ್ನೂ ಅಂಟಿನಿಂದ ಕೂಡಿಸಿದ್ದು, ಬಿಸಿಗೆ ಒಂದೊಂದು ಒಂದೊಂದು ಅಳತೆಯಲ್ಲಿ ಹಿಗ್ಗುತ್ತದೆ, ಅಂಟಿಗೆ ಅದು ಒಳ್ಳೆಯದಲ್ಲ. ನೀವು ವಿಸಿಐಗೆ ದುಡ್ಡು ಹಾಕದಿದ್ದರೂ ನಡೆದೀತು. ವ್ಯಾಕ್ಸ್ ಮಾಡಿ, ಧೂಳಿಗೆ ಒಂದು ಚೀಲ ಹೊಲಿಸಿ, ಮನೆಯ ನಡುಕೋಣೆಯಲ್ಲಿ ಮಂಚದ ಕೆಳಗೆ ಇಡಿ. ತಾಡಪತ್ರಿ ಹೊಲಿಯುವವರು ನಿಮ್ಮ ಊರಲ್ಲೂ ಸಿಗುತ್ತಾರೆ.

ಅಂಕ ಕೊಡಬೇಕು ಅಂದರೆ ಹಾಳೆಗೆ ಐದಕ್ಕೆ ಐದು. ಚೀಲಕ್ಕೆ ನಾಲ್ಕು, ಹಿಡಿಕೆಯಿಂದಾಗಿ ಅರ್ಧ, ತಡ ಮಾಡಿದ್ದಕ್ಕೆ ಅರ್ಧ ಕಡಿಮೆ ಮಾಡಿದ್ದೇನೆ. ಅಂಗಡಿಯ ಹಿರಿಯರ ಕೆಲಸಕ್ಕೆ, ಅವರು ಸಾಮಾನನ್ನು ಕೈಯಲ್ಲಿ ಹಿಡಿದು ಯೋಚಿಸುವ ರೀತಿಗೆ ನನ್ನ ಪೂರ್ತಿ ಮೆಚ್ಚುಗೆ ಇದೆ, ಹೋಗುವವರು ಬೆಲೆಯಲ್ಲಿ ಜಾಸ್ತಿ ಚೌಕಾಸಿ ಮಾಡಬೇಡಿ.

ಹೋಗುವುದಾದರೆ ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲ ವಾರ ಹೋಗಿ. ಮೇ ಬಂದರೆ ಊರಿಗೆ ಊರೇ ಮನೆ ಮುಂದೆ, ಗೋದಾಮಿನ ಮೇಲೆ ಮಳೆ ಹಾಳೆ ಕಟ್ಟಿಸಲು ಅಲ್ಲಿ ಸಾಲು ನಿಂತಿರುತ್ತದೆ, ನಿಮ್ಮ ಚೀಲ ಮೂಲೆಗೆ ಹೋಗುತ್ತದೆ. ಸ್ಕೀ ಜೊತೆಗೇ ಒಯ್ಯಿರಿ, ಬೈಂಡಿಂಗ್ ಎತ್ತರದ ಅಳತೆ ಬಿಡಬೇಡಿ, ಪ್ಲಾಸ್ಟಿಕ್ ಝಿಪ್ ಅಂತ ಎರಡು ಸಲ ಹೇಳಿ. ಹಾಳೆ ಅದೇ ವಾರ ಉದ್ಯಮಬಾಗದಿಂದ ತಂದುಕೊಳ್ಳಿ. ಭಾನುವಾರ ಅಲ್ಲಿ ಹೆಚ್ಚಿನವು ಮುಚ್ಚಿರುತ್ತವೆ.